ರಷ್ಯಾದ ಜನರಲ್‌ಗಳ ಬಗ್ಗೆ ಬರೆಯುವಾಗ: ಕನ್ನಡದ ಸುದ್ದಿಮನೆಗಳಿಗೆ ಒಂದು ಬಹಿರಂಗ ಪತ್ರ

ಕನ್ನಡ ದಿನಪತ್ರಿಕೆಗಳ ಮತ್ತು ಸುದ್ದಿವಾಹಿನಿಗಳ ಸಂಪಾದಕರಿಗೆ, ವಿದೇಶ ಸುದ್ದಿ ನೋಡಿಕೊಳ್ಳುವ ಉಪಸಂಪಾದಕರಿಗೆ,

ಮಾನ್ಯರೇ,

ಉಕ್ರೇನ್ ಯುದ್ಧದ ಸುದ್ದಿಯಲ್ಲಿ ರಷ್ಯಾದ ಜನರಲ್‌ಗಳ ಹೆಸರು ಬಂದಾಗಲೆಲ್ಲ ಅವೇ ತಪ್ಪುಗಳು ಮರುಕಳಿಸುತ್ತಿವೆ. ರ್‍ಯಾಂಕು ತಪ್ಪು, ಹುದ್ದೆ ತಪ್ಪು, ಹೆಸರು ತಪ್ಪು. ಎಲ್ಲಕ್ಕಿಂತ ಕೆಟ್ಟದ್ದು, ಬದುಕಿರುವವರನ್ನು ಸತ್ತರೆಂದು ಬರೆದು ಹಾಗೇ ಬಿಟ್ಟುಬಿಡುವುದು. ಸೇನಾ ವಿಷಯಗಳನ್ನು ಹತ್ತಿರದಿಂದ ಓದುವ, ಭಾಷಾಂತರಿಸುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಯಾವ ಪತ್ರಿಕೆಯ, ಯಾವ ವಾಹಿನಿಯ ಹೆಸರನ್ನೂ ಎತ್ತುವುದಿಲ್ಲ, ಏಕೆಂದರೆ ಇದು ಯಾರೋ ಒಬ್ಬರ ತಪ್ಪಲ್ಲ.

ದೂರದ ದೇಶದ ಜನರಲ್ ಒಬ್ಬರ ಹುದ್ದೆ ಹೆಚ್ಚುಕಡಿಮೆಯಾದರೆ ನಮ್ಮ ಓದುಗರಿಗೇನು ನಷ್ಟ ಎಂದು ನೀವು ಕೇಳಬಹುದು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ಹಾವೇರಿ ಜಿಲ್ಲೆಯವನು. ಭದ್ರತಾ ಕೆಲಸವೆಂದು ನಂಬಿ ಹೋಗಿ ರಷ್ಯಾದ ಸೇನೆಯಲ್ಲಿ ಸಿಕ್ಕಿಬಿದ್ದ ಕಲಬುರಗಿಯ ಯುವಕರು ಊರಿಗೆ ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ. ಯಾವ ಊರಿನ ಮುಂದೆ ಯಾವ ಪಡೆ ನಿಂತಿದೆ, ಆ ಪಡೆಗೆ ಆಜ್ಞೆ ಕೊಡುವವರು ಯಾರು ಎಂಬುದು ಅಂಥ ಮನೆಗಳಲ್ಲಿ ಬರಿಯ ಕುತೂಹಲದ ಪ್ರಶ್ನೆಯಲ್ಲ. ಅವರು ನೋಡುವುದು ನಿಮ್ಮ ಪುಟವನ್ನೇ, ನಿಮ್ಮ ಪರದೆಯನ್ನೇ.

ಒಬ್ಬರ ವೃತ್ತಿಜೀವನವನ್ನು ಎದುರಿಗಿಟ್ಟುಕೊಂಡು ಹೇಳಿದರೆ ನಮ್ಮ ಮಾತು ಸ್ಪಷ್ಟವಾಗುತ್ತದೆ. ಸೆರ್ಗೆಯ್ ಸುರೊವಿಕಿನ್ ಅವರನ್ನೇ ತೆಗೆದುಕೊಳ್ಳೋಣ.

2022ರ ಅಕ್ಟೋಬರ್ 8ರಂದು ಅವರನ್ನು ಉಕ್ರೇನಿನಲ್ಲಿರುವ ರಷ್ಯಾದ ಒಟ್ಟು ಪಡೆಗಳ ದಂಡನಾಯಕರನ್ನಾಗಿ ಘೋಷಿಸಲಾಯಿತು. ಕ್ರಿಮಿಯಾ ಸೇತುವೆ ಸ್ಫೋಟಗೊಂಡದ್ದೂ ಅದೇ ದಿನ. ಅಕ್ಟೋಬರ್ 10ರಂದು ಉಕ್ರೇನಿನ ನಗರಗಳ ಮೇಲೆ ಕ್ಷಿಪಣಿಗಳ ಸುರಿಮಳೆಯಾಯಿತು. ಆ ವಾರ ಕನ್ನಡದಲ್ಲಿ ಎಲ್ಲಿ ನೋಡಿದರೂ ಇದ್ದದ್ದು ಒಂದು ಅಡ್ಡಹೆಸರು, 'ಜನರಲ್ ಅರ್ಮಗೆಡಾನ್', ಅಂದರೆ ಪ್ರಳಯ ತರುವ ಜನರಲ್. ಅದರ ಜೊತೆಗೆ 'ಕ್ರೂರಿ', 'ನಿರ್ದಯಿ' ಎಂಬ ವಿಶೇಷಣಗಳು. ಅವರು ಎಲ್ಲಿ ಹುಟ್ಟಿದರು, ಯಾವ ಯಾವ ಹುದ್ದೆ ದಾಟಿ ಬಂದರು, ಯಾವ ಹುದ್ದೆಯಲ್ಲಿ ಏನಾಯಿತು ಎಂಬುದಕ್ಕೆ ನಾಲ್ಕು ಸಾಲೂ ಸಿಗಲಿಲ್ಲ. ಅಡ್ಡಹೆಸರು ತಲೆಬರಹದ ಜಾಗ ತುಂಬಿಸುತ್ತದೆ, ನಿಜ. ಆದರೆ ಓದುಗರಿಗೆ ಅದರಿಂದ ತಿಳಿಯುವುದು ಏನೂ ಇಲ್ಲ. ಹುದ್ದೆಗಳ ಸಾಲನ್ನು ಕೊಟ್ಟಿದ್ದರೆ ಮುಂದೆ ನಡೆದದ್ದರಲ್ಲಿ ಬಹಳಷ್ಟು ಅರ್ಥವಾಗುತ್ತಿತ್ತು.

ಆ ಸಾಲು ಹೀಗಿದೆ. 1966ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ಜನನ. 1987ರಲ್ಲಿ ಓಮ್ಸ್ಕ್‌ನ ಸೇನಾ ಶಾಲೆಯಿಂದ ಪದವಿ. 1991ರ ಆಗಸ್ಟಿನಲ್ಲಿ ಮಿಖಾಯಿಲ್ ಗೊರ್ಬಚೆವ್ ಅವರನ್ನು ಇಳಿಸಲು ಕ್ಷಿಪ್ರಕ್ರಾಂತಿಯ ಪ್ರಯತ್ನ ನಡೆದಾಗ ಅವರು ತಮಾನ್ ಡಿವಿಷನ್ನಿನಲ್ಲಿ ಕ್ಯಾಪ್ಟನ್, ಒಂದು ಬೆಟಾಲಿಯನ್ನಿನ ಪ್ರಭಾರಿ. ಆಗಸ್ಟ್ 20ರ ನಡುರಾತ್ರಿ ದಾಟಿದ ಮೇಲೆ ಅವರ ಬೆಟಾಲಿಯನ್ನಿನ ಬಿಎಂಪಿ ಎಂಬ ಕವಚದ ವಾಹನಗಳು ಮಾಸ್ಕೊದ ಗಾರ್ಡನ್ ರಿಂಗ್ ರಸ್ತೆಯ ಕೆಳಸೇತುವೆಯೊಳಗೆ ಇಳಿದವು. ಆಚೆ ತುದಿಯಲ್ಲಿ ಕ್ಷಿಪ್ರಕ್ರಾಂತಿಯನ್ನು ವಿರೋಧಿಸುತ್ತಿದ್ದ ಜನ ಟ್ರಾಲಿಬಸ್ಸುಗಳನ್ನು ಅಡ್ಡ ನಿಲ್ಲಿಸಿದ್ದರು. ಒಂದು ಬಿಎಂಪಿಯ ನೋಟದ ಕಿಂಡಿಗಳ ಮೇಲೆ ಟಾರ್ಪಾಲಿನ್ ಎಳೆದು ಹಾಕಿದರು. ಬಿಎಂಪಿಯ ಚಾಲಕನಿಗೆ ಹೊರಗಿನದು ಕಾಣುವುದು ಆ ಕಿರಿದಾದ ಗಾಜಿನ ಕಿಂಡಿಗಳಿಂದ ಮಾತ್ರ. ಅವು ಮುಚ್ಚಿದರೆ ವಾಹನ ಕುರುಡು. ಕುರುಡಾದ ವಾಹನ ಹಿಂದೆ ಮುಂದೆ ಎಗರಾಡಿತು, ಗುಂಡು ಹಾರಿತು, ಮೂವರು ಯುವಕರು ಸತ್ತರು. ಮೂರು ದಿನಗಳ ನಂತರ ಆ ಮೂವರಿಗೂ ಮರಣೋತ್ತರವಾಗಿ 'ಸೋವಿಯತ್ ಒಕ್ಕೂಟದ ವೀರ' ಗೌರವ ಸಿಕ್ಕಿತು. ಬಂಧನಕ್ಕೊಳಗಾದ ಸುರೊವಿಕಿನ್ ಅವರ ಮೇಲಿನ ಪ್ರಕರಣ, ಅವರು ಆಜ್ಞೆ ಪಾಲಿಸಿದರಷ್ಟೇ ಎಂಬ ಕಾರಣಕ್ಕೆ ಕೈಬಿಟ್ಟುಹೋಯಿತು. ಅವರು ಮೇಜರ್ ಆದರು.

ಈ ಘಟನೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. 'ಪ್ರತಿಭಟನಕಾರರ ಮೇಲೆ ಟ್ಯಾಂಕ್ ಹರಿಸಿದವನು' ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಅದರಲ್ಲಿ ಎರಡು ತಪ್ಪು. ಅದು ಟ್ಯಾಂಕ್ ಅಲ್ಲ, ಸೈನಿಕರನ್ನು ಹೊತ್ತೊಯ್ಯುವ ಬಿಎಂಪಿ. ಅದನ್ನು ನಡೆಸುತ್ತಿದ್ದವರೂ ಅವರಲ್ಲ, ಅವರು ಆ ತುಕಡಿಯ ಅಧಿಕಾರಿ. ಅವರ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಯಾವ ಬಗೆಯ ಹೊಣೆ ಎಂಬುದು ಸ್ಪಷ್ಟವಾಗುತ್ತದೆ.

1995ರಲ್ಲಿ, ಫ್ರುನ್ಜೆ ಸೇನಾ ಅಕಾಡೆಮಿಯಲ್ಲಿ ಓದುತ್ತಿದ್ದಾಗ, ಆಯುಧವೊಂದರ ಅಕ್ರಮ ಮಾರಾಟದಲ್ಲಿ ಅವರಿಗೆ ಒಂದು ವರ್ಷದ ಶಿಕ್ಷೆಯಾಯಿತು, ಆದರೆ ಅದರ ಜಾರಿಯನ್ನು ತಡೆಹಿಡಿದಿದ್ದರು. ಆ ತೀರ್ಪು ಮುಂದೆ ರದ್ದಾಯಿತು. ಇದನ್ನು ಬರೆಯುವವರು ಮೊದಲ ಅರ್ಧವನ್ನು ಮಾತ್ರ ಬರೆಯುತ್ತಾರೆ. ನಂತರ ತಜಿಕಿಸ್ತಾನದಲ್ಲಿ ಸೇವೆ, 2002ರಲ್ಲಿ ಜನರಲ್ ಸ್ಟಾಫ್ ಅಕಾಡೆಮಿಯಿಂದ ಪದವಿ, ಯೆಕತೆರಿನ್‌ಬುರ್ಗ್‌ನಲ್ಲಿ 34ನೇ ಮೋಟಾರು ರೈಫಲ್ ಡಿವಿಷನ್ನಿನ ಕಮಾಂಡರ್. ಅಲ್ಲಿ 2004ರಲ್ಲಿ ಅಧೀನ ಅಧಿಕಾರಿಯೊಬ್ಬರು ಸುರೊವಿಕಿನ್ ತಮ್ಮನ್ನು ಹೊಡೆದರೆಂದು ದೂರಿದರು. ಮತ್ತೊಬ್ಬ ಅಧಿಕಾರಿ ಅವರೆದುರೇ ಗುಂಡು ಹಾರಿಸಿಕೊಂಡರು. ಸೇನಾ ಪ್ರಾಸಿಕ್ಯೂಟರ್‌ಗಳು ಸುರೊವಿಕಿನ್ ಅವರ ತಪ್ಪಿಲ್ಲವೆಂದರು. ಅಲ್ಲಿಂದ ಚೆಚೆನ್ಯಾದ 42ನೇ ಡಿವಿಷನ್, ವೊರೊನೆಜ್‌ನ 20ನೇ ಆರ್ಮಿ, ಜನರಲ್ ಸ್ಟಾಫ್‌ನ ಮುಖ್ಯ ಕಾರ್ಯಾಚರಣೆ ವಿಭಾಗ, ಸೇನಾ ಪೊಲೀಸ್ ಕಟ್ಟುವ ಕೆಲಸ. 2013ರಲ್ಲಿ ಪೂರ್ವ ಸೇನಾ ವಲಯದ ಕಮಾಂಡರ್. 2017ರಲ್ಲಿ ಸಿರಿಯಾದಲ್ಲಿರುವ ಪಡೆಗಳ ನಾಯಕತ್ವ, ಅದೇ ವರ್ಷ 'ರಷ್ಯಾ ಒಕ್ಕೂಟದ ವೀರ' ಬಿರುದು, ವರ್ಷದ ಕೊನೆಗೆ ವಾಯು-ಅಂತರಿಕ್ಷ ಪಡೆಗಳ ಮುಖ್ಯಸ್ಥ.

ಈ ಕೊನೆಯ ಹುದ್ದೆಯ ಮೇಲೆ ಒಂದು ಗಳಿಗೆ ನಿಲ್ಲಬೇಕು. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ವಿಕ್ತೊರ್ ಬೊಂದರೆವ್ ಯುದ್ಧವಿಮಾನ ಹಾರಿಸಿದವರು. ಸುರೊವಿಕಿನ್ ಪದಾತಿದಳದವರು. 2015ರ ಆಗಸ್ಟ್ 1ರಂದು ವಾಯುಪಡೆ, ವಾಯುರಕ್ಷಣೆ, ಬಾಹ್ಯಾಕಾಶ ಪಡೆ ಮೂರನ್ನೂ ಒಂದೇ ಸೂರಿನಡಿ ತಂದು ಕಟ್ಟಿದ ಸಂಸ್ಥೆ ಅದು. ಅದನ್ನು ನಮ್ಮಲ್ಲಿ ಒಮ್ಮೆ 'ವಾಯುಸೇನೆ' ಎಂದೂ ಮತ್ತೊಮ್ಮೆ 'ಬಾಹ್ಯಾಕಾಶ ದಳ' ಎಂದೂ ಬರೆಯುತ್ತಾರೆ. ಓದುಗರು ಇವು ಬೇರೆ ಬೇರೆ ಸಂಸ್ಥೆಗಳೆಂದೇ ತಿಳಿಯುತ್ತಾರೆ. ಭೂಸೇನೆಯ ಅಧಿಕಾರಿಯೊಬ್ಬರನ್ನು ಅಲ್ಲಿಗೆ ಕೂರಿಸಿದರು ಎಂಬುದೇ ಒಂದು ಸುದ್ದಿ. ಆ ಸುದ್ದಿ ಕನ್ನಡಕ್ಕೆ ಬರಲಿಲ್ಲ.

ಈಗ ಅಡ್ಡಹೆಸರಿಗೂ ನಡೆದದ್ದಕ್ಕೂ ಇರುವ ಅಂತರ ನೋಡಿ. ದಂಡನಾಯಕರಾದ ಹತ್ತೇ ದಿನಕ್ಕೆ, ಅಕ್ಟೋಬರ್ 18ರಂದು, ದಕ್ಷಿಣ ಉಕ್ರೇನಿನ ಖೆರ್ಸೊನ್ ನಗರದ ವಿಷಯದಲ್ಲಿ ಕಷ್ಟದ ನಿರ್ಧಾರಗಳನ್ನು ತಳ್ಳಿಹಾಕಲಾಗದು ಎಂದು ಸುರೊವಿಕಿನ್ ಟಿವಿಯಲ್ಲಿ ಹೇಳಿದರು. ಅದು ಹಿಂದೆಗೆತದ ಸೂಚನೆ. ಕಾರಣವೂ ಮುಚ್ಚಿಟ್ಟದ್ದಲ್ಲ. ಖೆರ್ಸೊನ್ ಇರುವ ದ್ನಿಪ್ರೊ ನದಿಯ ಬಲದಂಡೆಯಲ್ಲಿದ್ದ ರಷ್ಯಾದ ಪಡೆಗೆ ಮದ್ದುಗುಂಡು, ಇಂಧನ, ಊಟ ಎಲ್ಲವೂ ನದಿ ದಾಟಿಯೇ ಬರಬೇಕಿತ್ತು. ಅಂತೊನಿವ್ಕಾ ಸೇತುವೆಯನ್ನು ಉಕ್ರೇನ್ ಜುಲೈನಿಂದಲೇ ಹಿಮಾರ್ಸ್ ರಾಕೆಟ್‌ಗಳಿಂದ ತೂತು ಬೀಳಿಸುತ್ತಿತ್ತು. ಭಾರದ ಲಾರಿ ಹೋಗದ ಸ್ಥಿತಿ ಬಂದ ಮೇಲೆ ಉಳಿದದ್ದು ತೆಪ್ಪಸೇತುವೆ ಮತ್ತು ಫೆರಿ ದೋಣಿಗಳು. ಅವುಗಳ ಮೇಲೂ ದಾಳಿ ನಡೆಯುತ್ತಿತ್ತು. ಫಿರಂಗಿದಳಕ್ಕೆ ದಿನಕ್ಕೆ ಬೇಕಾಗುವ ಗುಂಡುಗಳನ್ನು ದೋಣಿಯಲ್ಲಿ ಸಾಗಿಸಿ ಬಹುಕಾಲ ಯುದ್ಧ ಮಾಡಲಾಗದು. ನವೆಂಬರ್ 9ರಂದು ನಕ್ಷೆಯ ಮುಂದೆ ನಿಂತು, ಎಡದಂಡೆಗೆ ಹಿಂದೆಗೆಯಬೇಕೆಂದು ರಕ್ಷಣಾ ಸಚಿವ ಸೆರ್ಗೆಯ್ ಶೊಯ್ಗು ಅವರಿಗೆ ವರದಿ ಒಪ್ಪಿಸಿದರು. ಸಚಿವರು ಒಪ್ಪಿದರು. 11ರಂದು 30,000ಕ್ಕೂ ಹೆಚ್ಚು ಸೈನಿಕರನ್ನೂ ಸುಮಾರು 5,000 ಯುದ್ಧೋಪಕರಣಗಳನ್ನೂ ದಾಟಿಸಿದ್ದಾಗಿ ರಷ್ಯಾದ ರಕ್ಷಣಾ ಸಚಿವಾಲಯ ಹೇಳಿತು. 'ಪ್ರಳಯ ತರುವ ಜನರಲ್' ಎಂದು ಒಂದು ತಿಂಗಳು ಬಣ್ಣಿಸಿದ ವಾಹಿನಿಗಳು ಈ ಹಿಂದೆಗೆತವನ್ನು 'ಅಚ್ಚರಿ' ಎಂದು ಕರೆದವು. ಅಕ್ಟೋಬರ್ 18ರ ಮಾತನ್ನು ಓದಿದವರಿಗೆ ಅದರಲ್ಲಿ ಅಚ್ಚರಿಯೇನೂ ಇರಲಿಲ್ಲ.

ಅವರ ಹೆಸರಿನಲ್ಲೇ ಕರೆಯುವ 'ಸುರೊವಿಕಿನ್ ರೇಖೆ'ಯ ವಿಷಯವೂ ಅಷ್ಟೇ. ದಕ್ಷಿಣ ಉಕ್ರೇನಿನ ಜಪೊರಿಜ್ಯಾದ ಬಯಲಿನಲ್ಲಿ ಒಂದರ ಹಿಂದೆ ಒಂದರಂತೆ ಕಟ್ಟಿದ ರಕ್ಷಣಾ ಪಟ್ಟಿಗಳು ಅವು. ಟ್ಯಾಂಕ್ ತಡೆಯುವ ಆಳದ ಕಂದಕ, 'ಡ್ರ್ಯಾಗನ್ ಹಲ್ಲು' ಎನ್ನುವ ಕಾಂಕ್ರೀಟಿನ ಚೂಪು ಗುಪ್ಪೆಗಳ ಸಾಲು, ಸೈನಿಕರ ಅಗಳು, ಎಲ್ಲಕ್ಕಿಂತ ಮುಂದೆ ನೆಲಬಾಂಬ್‌ಗಳ ಹಾಸು. ಕಾಂಕ್ರೀಟಿನ ಹಲ್ಲುಗಳು ತಾವಾಗಿ ಯಾರನ್ನೂ ತಡೆಯುವುದಿಲ್ಲ. ನೆಲಕ್ಕೆ ಹೂಳದೆ ಬರಿದೆ ಇಟ್ಟರೆ ಭಾರದ ವಾಹನ ಅವನ್ನು ಬದಿಗೆ ತಳ್ಳಿ ದಾಟುತ್ತದೆ. ಅವುಗಳ ಕೆಲಸ ಶತ್ರುವಿನ ವೇಗ ತಗ್ಗಿಸುವುದು. ನಿಧಾನವಾದ ವಾಹನವನ್ನು ಹಿಂದಿನ ಫಿರಂಗಿ, ಮೇಲಿನ ಕೆಎ-52 ಹೆಲಿಕಾಪ್ಟರ್ ಹೊಡೆಯುತ್ತವೆ. 2023ರ ಜೂನ್ ಆರಂಭದಲ್ಲಿ ಹೊರಟ ಉಕ್ರೇನಿನ ಪ್ರತಿದಾಳಿ ಆಗಸ್ಟ್ ಕೊನೆಗೆ ರೊಬೊತಿನೆ ಹಳ್ಳಿಯವರೆಗಷ್ಟೇ ತಲುಪಲು ಇದೂ ಒಂದು ಮುಖ್ಯ ಕಾರಣ. ಕನ್ನಡದ ಹಲವು ವರದಿಗಳಲ್ಲಿ ಆ ನೆಲಬಾಂಬ್ ಹಾಸು 'ಗಣಿ ಪ್ರದೇಶ' ಆಗಿತ್ತು, ಏಕೆಂದರೆ ಇಂಗ್ಲಿಷಿನಲ್ಲಿ ಎರಡಕ್ಕೂ 'ಮೈನ್' ಎಂಬ ಒಂದೇ ಪದ. ಬಳ್ಳಾರಿಯ ಗಣಿ ಗೊತ್ತಿರುವ ಓದುಗರು ಆ ವಾಕ್ಯದಿಂದ ಏನು ಅರ್ಥ ಮಾಡಿಕೊಳ್ಳಬೇಕು? ಯಂತ್ರಾನುವಾದ ಕೊಟ್ಟದ್ದನ್ನು ಒಬ್ಬರಾದರೂ ಓದಿ ನೋಡಿದ್ದರೆ ಈ ಪದ ಅಚ್ಚಾಗುತ್ತಿರಲಿಲ್ಲ.

ಅದೇ ಯಂತ್ರಾನುವಾದದ ಇನ್ನೊಂದು ಫಲ 'ಸಾಮಾನ್ಯ ಸಿಬ್ಬಂದಿಯ ಮುಖ್ಯಸ್ಥ'. ವಲೆರಿ ಗೆರಾಸಿಮೊವ್ ಅವರು 2012ರ ನವೆಂಬರ್ 9ರಂದು ರಷ್ಯಾದ ಜನರಲ್ ಸ್ಟಾಫ್ ಮುಖ್ಯಸ್ಥರಾದವರು. ಜನರಲ್ ಸ್ಟಾಫ್ ಎಂದರೆ ಯುದ್ಧದ ಯೋಜನೆ ಹಾಕುವ, ಭೂಸೇನೆ ನೌಕಾಪಡೆ ವಾಯುಪಡೆ ಎಲ್ಲವನ್ನೂ ಒಟ್ಟಿಗೆ ನಡೆಸುವ ಕೇಂದ್ರ ಕಚೇರಿ. ಅದರ ಮುಖ್ಯಸ್ಥರನ್ನು 'ಸಾಮಾನ್ಯ ಸಿಬ್ಬಂದಿ' ಮಾಡಿಬಿಟ್ಟರೆ ದೇಶದ ಸೇನೆಯ ಅತಿ ದೊಡ್ಡ ಅಧಿಕಾರಿ ಗುಮಾಸ್ತರ ಮೇಲ್ವಿಚಾರಕರಂತೆ ಕಾಣುತ್ತಾರೆ. 'ಜನರಲ್ ಸ್ಟಾಫ್ ಮುಖ್ಯಸ್ಥ' ಎಂದು ಹಾಗೆಯೇ ಬರೆಯಿರಿ, ಮೊದಲ ಸಲ ಬಂದಾಗ ಅರ್ಧ ವಾಕ್ಯದ ವಿವರಣೆ ಕೊಡಿ, ಸಾಕು. ಹೆಸರೂ 'ಜೆರಾಸಿಮೊವ್' ಅಲ್ಲ, ಗೆರಾಸಿಮೊವ್. ರಷ್ಯನ್ನಿನಲ್ಲಿ ಅದು ಗ ಅಕ್ಷರ. ಇಂಗ್ಲಿಷ್ ಕಾಗುಣಿತ ನೋಡಿ ಜ ಮಾಡಬೇಕಿಲ್ಲ. ಕನ್ನಡ ಲಿಪಿಗೆ ಅದನ್ನು ಸರಿಯಾಗಿ ಬರೆಯುವ ಶಕ್ತಿ ಇದೆ.

ರ್‍ಯಾಂಕುಗಳ ವಿಷಯಕ್ಕೆ ಬಂದರೆ, ರಷ್ಯಾದಲ್ಲಿ ಬ್ರಿಗೇಡಿಯರ್ ಎಂಬ ರ್‍ಯಾಂಕೇ ಇಲ್ಲ. ಕರ್ನಲ್ ನೇರವಾಗಿ ಮೇಜರ್ ಜನರಲ್ ಆಗುತ್ತಾರೆ, ಭುಜದ ಮೇಲೆ ಒಂದು ನಕ್ಷತ್ರ. ಎರಡು ನಕ್ಷತ್ರಕ್ಕೆ ಲೆಫ್ಟಿನೆಂಟ್ ಜನರಲ್, ಮೂರಕ್ಕೆ ಕರ್ನಲ್ ಜನರಲ್. ಈ 'ಕರ್ನಲ್ ಜನರಲ್' ನಮ್ಮಲ್ಲಿ ಇಲ್ಲದ್ದರಿಂದ ಅದನ್ನು ಕೆಲವರು ಬರಿಯ 'ಕರ್ನಲ್' ಮಾಡುತ್ತಾರೆ. ಅದು ಮೂರು ಮೆಟ್ಟಿಲು ಕೆಳಗೆ ಇಳಿಸಿದಂತೆ. ಅದರ ಮೇಲೆ ಆರ್ಮಿ ಜನರಲ್. ಸುರೊವಿಕಿನ್ 2021ರಲ್ಲಿ ಆದದ್ದು ಅದು. ಅವರ ಭುಜಪಟ್ಟಿಯಲ್ಲಿ ಈಗ ಇರುವುದು ಒಂದೇ ದೊಡ್ಡ ನಕ್ಷತ್ರ, ಅದರ ಮೇಲೆ ಒಂದು ಲಾಂಛನ. 2013ರ ಮೊದಲು ಆರ್ಮಿ ಜನರಲ್‌ಗಳಿಗೆ ನಾಲ್ಕು ನಕ್ಷತ್ರಗಳ ಸಾಲು ಇತ್ತು. ಫೋಟೊ ನೋಡಿ 'ಒಂದು ನಕ್ಷತ್ರದ ಜನರಲ್' ಎಂದು ಬರೆದರೆ ಅತಿ ಮೇಲಿನವರು ಅತಿ ಕೆಳಗಿನವರಾಗುತ್ತಾರೆ.

ರ್‍ಯಾಂಕಿಗಿಂತ ಹುದ್ದೆ ಮುಖ್ಯ ಎಂಬುದು ನಮ್ಮ ಒತ್ತಾಯ. '58ನೇ ಸೇನೆ' ಎಂದು ಬರೆದರೆ ಓದುಗರು ರಷ್ಯಾಕ್ಕೆ 58 ಸೇನೆಗಳಿವೆ ಎಂದುಕೊಳ್ಳುತ್ತಾರೆ. ಅದು ನಮ್ಮ ಭೂಸೇನೆಯ ಒಂದು ಕೋರ್‌ಗೆ, ಅಂದರೆ ಕೆಲವು ಡಿವಿಷನ್‌ಗಳು ಸೇರಿದ ಪಡೆಗೆ, ಹತ್ತಿರದ ಘಟಕ. '58ನೇ ಆರ್ಮಿ, ಅಂದರೆ ನಮ್ಮ ಕೋರ್ ಮಟ್ಟದ ಪಡೆ' ಎನ್ನಿ. ಇನ್ನು 'ಮಿಲಿಟರಿ ಜಿಲ್ಲೆ'. ಜಿಲ್ಲೆ ಎಂದರೆ ಕನ್ನಡಿಗರಿಗೆ ಕೋಲಾರ, ಗದಗ. ರಷ್ಯಾದ ಪೂರ್ವ ಸೇನಾ ವಲಯಕ್ಕೆ ಖಬಾರೊವ್ಸ್ಕ್ ಕೇಂದ್ರ, ಅದು ಪೆಸಿಫಿಕ್ ಸಾಗರದವರೆಗೆ ಹರಡಿದೆ. ಪುಣೆಯಲ್ಲಿರುವ ನಮ್ಮ ದಕ್ಷಿಣ ಕಮಾಂಡ್‌ಗೆ ಹೋಲಿಸಬೇಕಾದದ್ದು ಅದನ್ನು. 'ಸೇನಾ ವಲಯ' ಎಂಬ ಪದ ಸಾಕಷ್ಟು ಸರಿಹೊಂದುತ್ತದೆ. ಏಜೆನ್ಸಿ ಕಾಪಿಯ ಹಳೆಯ ಹಿನ್ನೆಲೆ ಟಿಪ್ಪಣಿಗಳಲ್ಲಿ 'ಪಶ್ಚಿಮ ಸೇನಾ ವಲಯ' ಈಗಲೂ ಸಿಗುತ್ತದೆ. ಅದನ್ನು 2024ರಲ್ಲಿ ಮಾಸ್ಕೊ ಮತ್ತು ಲೆನಿನ್‌ಗ್ರಾದ್ ಎಂದು ಎರಡು ಮಾಡಿದ್ದಾರೆ.

ಅಪರಾಧದ ಆರೋಪಗಳನ್ನು ಬರೆಯುವಾಗಲೂ ಇದೇ ಎಚ್ಚರ ಬೇಕು. ಸಿರಿಯಾದ ಇದ್ಲಿಬ್ ಮೇಲಿನ 46 ದಾಳಿಗಳನ್ನು ದಾಖಲಿಸಿದ ಹ್ಯೂಮನ್ ರೈಟ್ಸ್ ವಾಚ್ ವರದಿ 2020ರಲ್ಲಿ ಬಂತು. ಕಮಾಂಡರ್ ಆಗಿ ಹೊಣೆ ಹೊರಬೇಕಾಗಬಹುದಾದವರ ಸಾಲಿನಲ್ಲಿ ಅದು ಸುರೊವಿಕಿನ್ ಹೆಸರನ್ನೂ ಹೇಳಿತು. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಶೊಯ್ಗು ಮತ್ತು ಗೆರಾಸಿಮೊವ್ ಅವರ ವಿರುದ್ಧ ಬಂಧನದ ವಾರಂಟ್ ಹೊರಡಿಸಿತು. ಒಂದು ಮಾನವ ಹಕ್ಕುಗಳ ಸಂಸ್ಥೆಯ ವರದಿ, ಇನ್ನೊಂದು ನ್ಯಾಯಾಲಯದ ವಾರಂಟ್. ಎರಡನ್ನೂ 'ಯುದ್ಧಾಪರಾಧಿ' ಎಂಬ ಒಂದೇ ಪದದಲ್ಲಿ ಕಲಸಿದರೆ ಸತ್ತವರ ಕಡೆಯ ನ್ಯಾಯವೇ ದುರ್ಬಲವಾಗುತ್ತದೆ. ಯಾವ ದಾಳಿ, ಯಾವ ಅವಧಿ, ಆಗ ಆಜ್ಞೆ ಕೊಡುವ ಹುದ್ದೆಯಲ್ಲಿ ಯಾರು ಎಂಬ ಮೂರನ್ನೂ ಬರೆಯಿರಿ. ಅದು ವಿಶೇಷಣಗಳಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಸುರೊವಿಕಿನ್ ಅವರ ಪತನದ ಸುದ್ದಿಯನ್ನು ನಡೆಸಿಕೊಂಡ ರೀತಿ ನಮಗೆ ಬೇಸರ ತಂದಿದೆ. 2023ರ ಜನವರಿ 11ರಂದು ಒಟ್ಟು ನಾಯಕತ್ವ ಗೆರಾಸಿಮೊವ್ ಅವರಿಗೆ ಹೋಯಿತು, ಸುರೊವಿಕಿನ್ ಅವರಿಗೆ ಉಪನಾಯಕರ ಸ್ಥಾನ. ಜೂನ್ 23ರ ರಾತ್ರಿ ವ್ಯಾಗ್ನರ್ ಎಂಬ ಖಾಸಗಿ ಪಡೆ ಬಂಡಾಯವೆದ್ದಾಗ, ನಿಲ್ಲಿಸಿ, ಮರಳಿ ಹೋಗಿ ಎಂದು ಅವರು ವಿಡಿಯೊದಲ್ಲಿ ಕೇಳಿಕೊಂಡರು. ಆ ಮೇಲೆ ಕಾಣಿಸಲಿಲ್ಲ. ಅವರು ಬಂಧನದಲ್ಲಿದ್ದಾರೆ ಎಂಬ ವರದಿಗಳು ಬಂದವು. ಸರ್ಕಾರ ಅದನ್ನು ಎಂದೂ ದೃಢಪಡಿಸಲಿಲ್ಲ. ಜುಲೈನಲ್ಲಿ ರಷ್ಯಾ ಸಂಸತ್ತಿನ ರಕ್ಷಣಾ ಸಮಿತಿಯ ಮುಖ್ಯಸ್ಥರು ಅವರು ವಿಶ್ರಾಂತಿಯಲ್ಲಿದ್ದಾರೆ ಎಂದಷ್ಟೇ ಹೇಳಿದರು. ಆಗಸ್ಟಿನಲ್ಲಿ ವಾಯು-ಅಂತರಿಕ್ಷ ಪಡೆಗಳ ಹುದ್ದೆ ಹೋಗಿ ವಿಕ್ತೊರ್ ಅಫ್ಜಾಲೊವ್ ಪ್ರಭಾರ ವಹಿಸಿಕೊಂಡರು. ಸೆಪ್ಟೆಂಬರಿನಲ್ಲಿ ಸುರೊವಿಕಿನ್ ಹಳೆಯ ಸೋವಿಯತ್ ದೇಶಗಳ ಒಕ್ಕೂಟದ ವಾಯುರಕ್ಷಣಾ ಸಮನ್ವಯ ಸಮಿತಿಯ ಮುಖ್ಯಸ್ಥರೆಂಬ ಸುದ್ದಿ ಬಂತು, ಅಲ್ಜೀರಿಯಾದಲ್ಲಿ ತೆಗೆದ ಚಿತ್ರಗಳೂ ಬಂದವು. ಕನ್ನಡದಲ್ಲಿ 'ಬಂಧನ' ದೊಡ್ಡ ಅಕ್ಷರದಲ್ಲಿ ಬಂತು. ಅಲ್ಜೀರಿಯಾದ ಸುದ್ದಿ ಬಹುಪಾಲು ಕಡೆ ಬರಲೇ ಇಲ್ಲ. ಓದುಗರ ತಲೆಯಲ್ಲಿ ಅವರು ಇನ್ನೂ ಜೈಲಿನಲ್ಲಿದ್ದಾರೆ.

ಸಾವಿನ ಸುದ್ದಿಗಳಲ್ಲಿ ಇದು ಇನ್ನೂ ಗಂಭೀರ. 2022ರ ಮಾರ್ಚಿನಲ್ಲಿ ಮೇಜರ್ ಜನರಲ್ ಅಂದ್ರೆಯ್ ಸುಖೊವೆತ್ಸ್ಕಿ ಅವರ ಸಾವು ರಷ್ಯಾದ ಕಡೆಯಿಂದಲೇ ದೃಢಪಟ್ಟಿತು. ಅದೇ ತಿಂಗಳು ಮೇಜರ್ ಜನರಲ್ ವಿತಾಲಿ ಗೆರಾಸಿಮೊವ್ ಸತ್ತರೆಂದು ಉಕ್ರೇನ್ ಹೇಳಿತು. ಆ ಸಾವು ದೃಢಪಡಲಿಲ್ಲ. ಅದರ ಮೇಲೆ ವಿತಾಲಿ ಮತ್ತು ವಲೆರಿ ಎಂಬ ಎರಡು ಹೆಸರುಗಳು ಕಲಸಿಹೋಗಿ, ಜನರಲ್ ಸ್ಟಾಫ್ ಮುಖ್ಯಸ್ಥರೇ ಸತ್ತರೆಂಬ ಸಾಲು ಕೂಡ ಹರಿದಾಡಿತು. ಮಾರ್ಚ್ 18ರಂದು 8ನೇ ಆರ್ಮಿಯ ಕಮಾಂಡರ್ ಲೆಫ್ಟಿನೆಂಟ್ ಜನರಲ್ ಅಂದ್ರೆಯ್ ಮೊರ್ದ್ವಿಚೆವ್ ಖೆರ್ಸೊನ್ ಬಳಿಯ ಚೊರ್ನೊಬಾಯಿವ್ಕಾದಲ್ಲಿ ಹತರಾದರೆಂಬ ಸುದ್ದಿ ಬಂತು. ಹತ್ತು ದಿನಕ್ಕೆ ಅವರು ವಿಡಿಯೊವೊಂದರಲ್ಲಿ ಕಾಣಿಸಿಕೊಂಡರು. 2025ರ ಮೇನಲ್ಲಿ ರಷ್ಯಾದ ಭೂಸೇನೆಯ ಮುಖ್ಯಸ್ಥರಾದವರು ಇದೇ ಮೊರ್ದ್ವಿಚೆವ್.

ಯುದ್ಧದಲ್ಲಿ ಎರಡೂ ಕಡೆಯವರು ಹೇಳಿಕೆ ಕೊಡುತ್ತಾರೆ, ಗಡಿಬಿಡಿಯಲ್ಲಿ ಅದನ್ನು ಹಾಕದೆ ಇರಲಾಗದು ಎಂಬುದು ನಮಗೂ ಗೊತ್ತು. ನಾವು ಕೇಳುವುದು ಇಷ್ಟು. ತಲೆಬರಹದಲ್ಲೇ 'ಉಕ್ರೇನ್ ಹೇಳಿಕೆ' ಅಥವಾ 'ರಷ್ಯಾ ದೃಢ' ಎಂಬ ಎರಡು ಪದ ಇರಲಿ. ಹೆಸರು ಮತ್ತು ತಂದೆಯ ಹೆಸರು ಎರಡನ್ನೂ ತಾಳೆ ನೋಡಿ. ರಷ್ಯನ್ನರ ಹೆಸರಿನಲ್ಲಿ ನಡುವೆ ಬರುವುದು ತಂದೆಯ ಹೆಸರು, ಅದು ಮನೆತನದ ಹೆಸರಲ್ಲ. ಒಬ್ಬರ ಬಗ್ಗೆ ಬರೆಯುವಾಗ ಮೊದಲ ಪ್ಯಾರಾದಲ್ಲೇ ಈಗಿನ ಹುದ್ದೆ, ಅದು ಸಿಕ್ಕ ವರ್ಷ, ಅದಕ್ಕಿಂತ ಹಿಂದಿನ ಹುದ್ದೆ ಇವು ಮೂರು ಬರಲಿ. ನೆಲಬಾಂಬ್, ಕೋರ್, ಸೇನಾ ವಲಯ, ಜನರಲ್ ಸ್ಟಾಫ್ ಇಂಥ ಇಪ್ಪತ್ತು ಮೂವತ್ತು ಪದಗಳ ಒಂದು ಹಾಳೆಯನ್ನು ಡೆಸ್ಕ್‌ನಲ್ಲಿ ಅಂಟಿಸಿಡಿ. ಅದನ್ನು ಸಿದ್ಧಮಾಡಿಕೊಡಲು ನಾವು ತಯಾರಿದ್ದೇವೆ, ಹಣ ಬೇಡ, ಹೆಸರೂ ಬೇಡ.

ಮೊರ್ದ್ವಿಚೆವ್ ಹತರಾದರೆಂದು ಬರೆದ ಪುಟಗಳು ಇಂಥದ್ದೇ ಉಳಿದ ವರದಿಗಳ ಜೊತೆಗೆ ನಿಮ್ಮ ಜಾಲತಾಣಗಳಲ್ಲಿ ಉಳಿದಿದ್ದರೆ ಅವನ್ನು ಅಳಿಸುವುದು ಬೇಡ. ಪುಟದ ನೆತ್ತಿಯಲ್ಲಿ ದಿನಾಂಕ ಹಾಕಿ, ಈ ಸಾವು ನಿಜವಾಗಿರಲಿಲ್ಲ ಎಂದು ಒಂದು ಸಾಲಿನ ತಿದ್ದುಪಡಿ ಸೇರಿಸಿ. ಈ ವಾರವೇ ಅದನ್ನು ಮಾಡಬಹುದು.

ಇಂತಿ ನಿಮ್ಮ ವಿಶ್ವಾಸಿಗಳು,
ಯುದ್ಧದ ಸುದ್ದಿಯನ್ನು ಕನ್ನಡದಲ್ಲೇ ಓದುವ ಕೆಲವರು